ಸೆಮಿಸ್ಟರ್ ಮುಗಿದ ಮೇಲಿನ ಲೆಕ್ಕ: ಹಾಡಲು ಬಂದದ್ದೆಷ್ಟು, ಹೇಳಿಕೊಡಲು ಬಂದದ್ದೆಷ್ಟು

(ಮೈಸೂರಿನಲ್ಲಿ ಸಂಗೀತ ಶಿಕ್ಷಣದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹಾಡಿ ತೋರಿಸಿದ ಭಾಗಗಳನ್ನು ಬಿಟ್ಟು, ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಳ್ಳಲಾಗಿದೆ.)

ಪ್ರಾಕ್ಟಿಕಲ್ ಮುಗಿಯಿತು, ವೈವಾ ಮುಗಿಯಿತು, ಲಿಖಿತ ಪತ್ರಿಕೆಯಲ್ಲಿ ವಾಗ್ಗೇಯಕಾರರ ಜೀವನಚರಿತ್ರೆಯನ್ನು ಪುಟಗಟ್ಟಲೆ ಬರೆದದ್ದೂ ಆಯಿತು. ಈಗ ಊರಿಗೆ ಹೋದರೆ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಈ ಸಲ ಎಷ್ಟು ಕೃತಿ ಆಯ್ತು?’ ಕಚೇರಿ ಮಾಡಲು ಹೊರಟವರಿಗೆ ಆ ಪ್ರಶ್ನೆ ಸರಿಯೇ ಇರಬಹುದು. ನೀವು ಹೊರಟಿರುವುದು ಪಾಠ ಹೇಳಲು. ನಿಮ್ಮ ಲೆಕ್ಕ ಬೇರೆ.

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ತರಗತಿಯಲ್ಲಿ ಪಾಠವಾದದ್ದು, ಎರಡನೆಯದರಲ್ಲಿ ಪುಸ್ತಕ ನೋಡದೆ ಹಾಡಲು ಬರುವುದು, ಮೂರನೆಯದರಲ್ಲಿ ಇನ್ನೊಬ್ಬರಿಗೆ ಹೇಳಿಕೊಡಲು ಬರುವುದು. ಮೂರನೆಯ ಕಾಲಂಗೆ ಏನನ್ನಾದರೂ ಸೇರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಆ ರಚನೆಯ ಯಾವುದಾದರೂ ಸಾಲಿನ ನಡುವೆ ನಿಲ್ಲಿ. ಅಲ್ಲಿಂದ ಅರ್ಧ ಆವರ್ತವನ್ನು (ಆವರ್ತ ಎಂದರೆ ತಾಳದ ಒಂದು ಪೂರ್ತಿ ಸುತ್ತು), ತಾಳ ಬಿಡದೆ, ಮೂರು ಸಲ ಒಂದೇ ರೀತಿ ಹಾಡಿ. ಮೊದಲ ಸಲ ಒಂದು ಗಮಕ (ಸ್ವರದ ಬಳುಕು), ಎರಡನೇ ಸಲ ಇನ್ನೊಂದು ಎಂದಾದರೆ ಅದು ಇನ್ನೂ ಎರಡನೇ ಕಾಲಂನಲ್ಲೇ ಇರಲಿ. ದೊಡ್ಡವರ ಕಚೇರಿಯಲ್ಲಿ ಅಂಥ ವ್ಯತ್ಯಾಸವನ್ನು ಮನೋಧರ್ಮ ಎನ್ನುತ್ತಾರೆ. ಹತ್ತು ವರ್ಷದ ಮಗುವಿಗೆ ಅದು ಬರೀ ಗೊಂದಲ, ಯಾವುದನ್ನು ಅನುಸರಿಸಬೇಕೆಂದೇ ಅದಕ್ಕೆ ತಿಳಿಯುವುದಿಲ್ಲ.

ಈ ಹಾಳೆ ತುಂಬಿದಾಗ ಕಾಣುವುದು ಸಾಮಾನ್ಯವಾಗಿ ಒಂದೇ ಚಿತ್ರ. ಮೊದಲ ಕಾಲಂ ಉದ್ದ, ಎರಡನೆಯದು ಅದರರ್ಧ, ಮೂರನೆಯದರಲ್ಲಿ ನಾಲ್ಕೈದು ಹೆಸರು. ಹಾಗಾದರೆ ಬೇಸರಪಡಬೇಕಾಗಿಲ್ಲ. ಆದರೆ ಮೂರನೇ ಕಾಲಂನಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಮೊದಲ ಸ್ವರಪಾಠಗಳೇ ಇಲ್ಲದಿದ್ದರೆ ಯೋಚಿಸಬೇಕು. ‘ಅದೆಲ್ಲ ಬರುತ್ತೆ ಬಿಡಿ ಸಾರ್, ಜೂನಿಯರ್‌ನಲ್ಲೇ ಆಗಿದೆ’ ಎನ್ನುವವರು ಹೆಚ್ಚು. ಹಾಡಲು ಬರುತ್ತದೆ, ನಿಜ. ಹೇಳಿಕೊಡಲು ಬರುತ್ತದೆಯೇ ಎಂದು ನೋಡೋಣ.

ಧ್ರುವ ತಾಳದ ಅಲಂಕಾರವನ್ನೇ ತೆಗೆದುಕೊಳ್ಳಿ. ಚತುರಶ್ರ ಜಾತಿ, ಲಘು ದ್ರುತ ಲಘು ಲಘು, 4+2+4+4, ಒಟ್ಟು 14 ಅಕ್ಷರ (ತಾಳದ ಎಣಿಕೆ). ಲಘು ಎಂದರೆ ಒಂದು ಘಾತ, ಅಂದರೆ ತೊಡೆಗೆ ತಟ್ಟು, ಆಮೇಲೆ ಕಿರುಬೆರಳಿನಿಂದ ಬೆರಳೆಣಿಕೆ; ದ್ರುತ ಎಂದರೆ ಒಂದು ಘಾತ, ಒಂದು ಹುಸಿ, ಅಂದರೆ ಕೈ ತಿರುಗಿಸುವುದು. ಸರಿಗಮ, ಗರಿ, ಸರಿಗರಿ, ಸರಿಗಮ. ಒಂದನೇ ಕಾಲದಲ್ಲಿ ಒಂದು ಸಾಲಿಗೆ ಒಂದು ಆವರ್ತ, ತೊಂದರೆಯಿಲ್ಲ. ಎರಡನೇ ಕಾಲಕ್ಕೆ ಬಂದಾಗ ಆರೋಹಣದಲ್ಲಿ ಮಕ್ಕಳು ಚೆನ್ನಾಗಿಯೇ ಹಾಡುತ್ತಾರೆ, ಅವರೋಹಣ ಶುರುವಾದ ಕೂಡಲೇ ತಾಳ ತಪ್ಪುತ್ತಾರೆ. ‘ಗಮನ ಕೊಡು’ ಎಂದು ಗದರಿದರೆ ಮತ್ತೆ ಅಲ್ಲೇ ತಪ್ಪುತ್ತಾರೆ. ಕಾರಣ ಗಮನದಲ್ಲಿಲ್ಲ, ಲೆಕ್ಕದಲ್ಲಿದೆ. ಆರೋಹಣದಲ್ಲಿ ಐದು ಸಾಲು: ಸರಿಗಮದಿಂದ ಮಧ್ಯಮ ಮುಟ್ಟುವುದು ಮೊದಲನೆಯದು, ಪದನಿಸ ಎಂದು ತಾರ ಷಡ್ಜ ಮುಟ್ಟುವುದು ಐದನೆಯದು. ಐದು ಸಾಲಿಗೆ 70 ಸ್ವರ. ಎರಡನೇ ಕಾಲದಲ್ಲಿ ಅಕ್ಷರಕ್ಕೆ ಎರಡು ಸ್ವರವಾದರೆ 35 ಅಕ್ಷರ, ಅಂದರೆ ಎರಡೂವರೆ ಆವರ್ತ. ಅವರೋಹಣ ಸಮದಲ್ಲಿ, ಅಂದರೆ ಆವರ್ತದ ಮೊದಲ ಅಕ್ಷರದಲ್ಲಿ, ಬರುವುದೇ ಇಲ್ಲ. ಅದು ಮೂರನೇ ಆವರ್ತದ ಎಂಟನೇ ಅಕ್ಷರದಲ್ಲಿ, ಎರಡನೇ ಲಘುವಿನ ಘಾತ ಮುಗಿದು ಕಿರುಬೆರಳು ಎಣಿಸುವಲ್ಲಿ ಹುಟ್ಟುತ್ತದೆ. ಮಗುವಿಗೆ ಹೊಸ ಸಾಲು ಎಂದರೆ ಘಾತ ಎಂಬ ಅಭ್ಯಾಸ. ಕಿರುಬೆರಳಿನಲ್ಲಿ ಇರಬೇಕಾದ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ.

ಮೂರನೇ ಕಾಲದಲ್ಲಿ ಇನ್ನೂ ಕಷ್ಟ. ಅಕ್ಷರಕ್ಕೆ ನಾಲ್ಕು ಸ್ವರ, 70 ಸ್ವರಕ್ಕೆ ಹದಿನೇಳೂವರೆ ಅಕ್ಷರ. ಅವರೋಹಣ ಎರಡನೇ ಆವರ್ತದ ನಾಲ್ಕನೇ ಅಕ್ಷರದ ಮಧ್ಯದಲ್ಲಿ, ನಡುಬೆರಳು ಎಣಿಸಿದ ಮೇಲೆ ಅರ್ಧ ಅಕ್ಷರ ಬಿಟ್ಟು ಶುರುವಾಗಬೇಕು. ಇಡೀ ಅಲಂಕಾರದ 140 ಸ್ವರ 35 ಅಕ್ಷರಕ್ಕೆ ಮುಗಿಯುವುದರಿಂದ ಒಂದು ಸಲ ಹಾಡಿ ನಿಲ್ಲಿಸಿದರೆ ಆವರ್ತದ ಅರ್ಧದಲ್ಲಿ ನಿಂತಂತಾಗುತ್ತದೆ. ಎರಡು ಸಲ ಹಾಡಿದರೆ ಐದು ಆವರ್ತ ಸರಿಯಾಗಿ ತುಂಬುತ್ತದೆ. ಏಳೂ ಅಲಂಕಾರಗಳಲ್ಲಿ ಆರೋಹಣಕ್ಕೆ ಐದೇ ಸಾಲು ಇರುವುದರಿಂದ ಈ ಎರಡೂವರೆಯ ಪೇಚು ಏಳರಲ್ಲೂ ಇದೆ. ಅಟ್ಟ ತಾಳದಲ್ಲಿ ಜೊತೆಗೆ ಕಾರ್ವೆ (ಸ್ವರವನ್ನು ಎಳೆದು ನಿಲ್ಲುವ ಜಾಗ) ಬೇರೆ. ಎರಡನೇ ಕಾಲಕ್ಕೆ ಹೋದ ಕೂಡಲೇ ಮಕ್ಕಳು ಆ ಕಾರ್ವೆಯನ್ನು ನುಂಗಿಬಿಡುತ್ತಾರೆ. ಆದಿ ತಾಳದ ಮೊದಲ ಸರಳೆಯೂ ಹೀಗೇ: ಮೂರನೇ ಕಾಲದಲ್ಲಿ ಆರೋಹಣ ಅವರೋಹಣ ಸೇರಿ ನಾಲ್ಕೇ ಅಕ್ಷರ, ಲಘು ಮುಗಿಯುವಷ್ಟರಲ್ಲಿ ಅದೂ ಮುಗಿಯಿತು. ದ್ರುತ ಎರಡನ್ನು ತುಂಬಲು ಇನ್ನೊಂದು ಸಲ ಹಾಡಲೇಬೇಕು.

ಇದನ್ನು ಹೇಳಿಕೊಡುವ ದಾರಿ ಹೀಗೆ. ಮೊದಲು ಐದನೇ ಸಾಲನ್ನೂ ಅವರೋಹಣದ ಮೊದಲ ಸಾಲನ್ನೂ ಮಾತ್ರ ಬೇರೆ ತೆಗೆದು, ಎರಡನೇ ಕಾಲದಲ್ಲಿ ಸೇರಿಸಿ ಹಾಡಿಸಿ. ಎರಡೂ ಸೇರಿ ಒಂದು ಆವರ್ತ. ಸೇರುವ ಜಾಗದಲ್ಲಿ ಕಿರುಬೆರಳು ಬರುತ್ತದೆಯೇ ಎಂದು ಕೈ ನೋಡಿ, ಬಾಯಿ ನೋಡಬೇಡಿ. ಅದು ಕೂತ ಮೇಲೆ ಪೂರ್ತಿ ಹಾಡಿಸಿ. ಕಾಲಪ್ರಮಾಣವನ್ನು ಮೂರನೇ ಕಾಲದಿಂದ ಹಿಂದಕ್ಕೆ ನಿರ್ಧರಿಸಿ: ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ ಬರಬೇಕು, ಹೊಸ ಮಗುವಿನ ನಾಲಿಗೆ ತೊಡರುತ್ತದೆ. 40ಕ್ಕೆ ಇಡಿ. ಒಂದನೇ ಕಾಲ ತೀರಾ ಎಳೆದಂತೆ ಕೇಳುತ್ತದೆ, ಕೇಳಲಿ. ಎಳೆದು ಹಾಡುವಾಗ ಸ್ವರಸ್ಥಾನ ತಪ್ಪಿದರೆ ಬೇಗ ಗೊತ್ತಾಗುತ್ತದೆ.

ಸ್ವರಸ್ಥಾನದ ಮಾತು. ಪುರಂದರದಾಸರು ಹಾಕಿಕೊಟ್ಟರೆಂದು ನಾವೆಲ್ಲ ನಂಬಿರುವ ಕ್ರಮದಲ್ಲಿ ಮೊದಲ ರಾಗ 15ನೇ ಮೇಳ (ಮೂಲ ರಾಗ) ಮಾಯಾಮಾಳವಗೌಳ. ಅದರ ಪೂರ್ವಾಂಗ, ಉತ್ತರಾಂಗ ಎರಡರಲ್ಲೂ ಅಂತರಗಳು ಒಂದೇ: ಸ–ರಿ ಅರ್ಧ ಸ್ವರ, ರಿ–ಗ ಒಂದೂವರೆ, ಗ–ಮ ಅರ್ಧ. ಪ–ದ–ನಿ–ಸ ಕೂಡ ಹಾಗೇ. ಮಗುವಿನ ಧೈವತ ಸರಿಯಿಲ್ಲ ಅನಿಸಿದರೆ ಅದರ ರಿಷಭವನ್ನು ಪರೀಕ್ಷಿಸಿ, ಹೆಚ್ಚಿನ ಸಲ ಎರಡೂ ಒಟ್ಟಿಗೆ ಏರಿರುತ್ತವೆ. ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದ ಕಿವಿಗೆ ಅರ್ಧ ಸ್ವರ ಮೇಲಿನ ಚತುಶ್ರುತಿ ರಿಷಭ ಹತ್ತಿರ. ಈ ರಾಗದ ಶುದ್ಧ ರಿಷಭದಲ್ಲಿ ನಾಲ್ಕು ಅಕ್ಷರ ನಿಲ್ಲಿಸಿ ನೋಡಿ: ಮೊದಲ ಅಕ್ಷರದಲ್ಲಿ ಸರಿಯಿದ್ದದ್ದು ನಾಲ್ಕನೆಯದಕ್ಕೆ ಮೆಲ್ಲಗೆ ಮೇಲೇರಿರುತ್ತದೆ. ಆಗ ‘ತಪ್ಪು’ ಎನ್ನುವ ಬದಲು ತಂಬೂರಿಯ ಷಡ್ಜ ಕೇಳಿಸಿ, ಸ–ರಿ–ಸ ಎಂದು ಐದಾರು ಸಲ ಹಾಡಿಸಿ, ಮತ್ತೆ ರಿಷಭದಲ್ಲಿ ನಿಲ್ಲಿಸಿ.

ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಒತ್ತು ಕೊಡಬೇಕೆಂದು ಎಲ್ಲ ಪುಸ್ತಕದಲ್ಲೂ ಇದೆ. ಮಕ್ಕಳು ಹಾಡುವುದು ‘ಸಾ ರೀ ಗಾ ಮಾ’ ಅಥವಾ ‘ಸಹ ರಿಹಿ’. ಒತ್ತು ಎಂದರೆ ಜೋರು ಎಂದು ಅವರು ತಿಳಿದುಕೊಂಡಿರುತ್ತಾರೆ. ವೀಣೆ ಕಲಿಯುವವರು ಇದನ್ನು ಬೇಗ ಹಿಡಿಯುತ್ತಾರೆ, ಏಕೆಂದರೆ ಅಲ್ಲಿ ಎರಡನೇ ಸ್ವರ ಕೆಳಗಿನ ಮೆಟ್ಟಿಲನ್ನು ಸೋಕಿ ಬರುತ್ತದೆ, ಕಣ್ಣಿಗೇ ಕಾಣುತ್ತದೆ. ಗಾಯನದವರಿಗೂ ಒಂದು ಸಲ ವೀಣೆಯಲ್ಲಿ ತೋರಿಸಿ.

ಗೀತೆಗೆ ಬಂದರೆ ಮಲಹರಿ. ಆರೋಹಣ ಸರಿಮಪದಸ, ಅವರೋಹಣ ಸದಪಮಗರಿಸ. ನಿಷಾದವಿಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಅಲಂಕಾರದಲ್ಲಿ ತಿಂಗಳುಗಟ್ಟಲೆ ಸರಿಗಮ ಹಾಡಿದ ಬಾಯಿ ಮೇಲೇರುವಾಗ ಗಾಂಧಾರವನ್ನು ಸೇರಿಸಿಯೇ ಸೇರಿಸುತ್ತದೆ. ಗೀತೆ ಶುರುಮಾಡುವ ಮುಂಚೆ ಒಂದಿಡೀ ತರಗತಿ ಆರೋಹಣ ಅವರೋಹಣ, ರಿಮಪ, ಮಪದಸ ಎಂಬ ಸಂಚಾರ ಮಾತ್ರ ಹಾಡಿಸಿದರೆ ಮುಂದಿನ ಎರಡು ತರಗತಿ ಉಳಿಯುತ್ತದೆ. ಇಲ್ಲೇ ರೂಪಕ ತಾಳದ ಗೊಂದಲವೂ ಹುಟ್ಟುತ್ತದೆ. ಅಲಂಕಾರದಲ್ಲಿ ಕಲಿತದ್ದು ದ್ರುತ ಮತ್ತು ಚತುರಶ್ರ ಲಘು, ಘಾತ–ಹುಸಿ, ಆಮೇಲೆ ಘಾತ ಮತ್ತು ಮೂರು ಎಣಿಕೆ, ಆರು ಅಕ್ಷರ. ಕೃತಿಗಳಲ್ಲಿ ಹಾಕುವುದು ಎರಡು ಘಾತ ಒಂದು ಹುಸಿ, ಮೂರೇ ಕ್ರಿಯೆ. ಹೆಸರು ಒಂದೇ ಆದ್ದರಿಂದ ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ‘ಎರಡೂ ರೂಪಕವೇ’ ಎಂದು ತೇಲಿಸಬೇಡಿ. ಒಂದು ಸೂಳಾದಿ ಕ್ರಮದ (ಏಳು ತಾಳಗಳ) ಅಂಗ, ಅಂದರೆ ಲಘು ದ್ರುತ, ಹಿಡಿದು ಎಣಿಸುವ ರೀತಿ, ಇನ್ನೊಂದು ಕಚೇರಿಯಲ್ಲಿ ರೂಢಿಯಾದ ರೀತಿ ಎಂದು ಹೇಳಿ, ಎರಡನ್ನೂ ಕೈಯಲ್ಲಿ ಹಾಕಿ ತೋರಿಸಿ.

ಈಗ ಅಭ್ಯಾಸ ಬೋಧನೆ. ಶಾಲೆಗೆ ಹೋಗಿ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಪಾಠ ಮಾಡಿ ಬಂದಿದ್ದೀರಿ. ಆ ಟಿಪ್ಪಣಿ ಪುಸ್ತಕವನ್ನು ಈಗ ತೆರೆದು ಎರಡೇ ವಿಷಯ ಹುಡುಕಿ. ಮೊದಲನೆಯದು ಶ್ರುತಿ. ಯಾರ ಶ್ರುತಿಯಲ್ಲಿ ಹಾಡಿಸಿದಿರಿ? ಗಂಡಸರು 1ನೇ ಶ್ರುತಿಯಲ್ಲೋ 1½ರಲ್ಲೋ (ಸಂಖ್ಯೆ ಹೆಚ್ಚಿದಷ್ಟೂ ಷಡ್ಜ ಮೇಲೆ) ಹಾಡಿಕೊಂಡು ಹೋಗುತ್ತಾರೆ, ಮಕ್ಕಳಲ್ಲಿ ಕೆಲವರು ಮೇಷ್ಟರ ಸ್ಥಾಯಿಗೇ ಇಳಿಯಲು ಹೋಗಿ ಗೊರಗೊರ ಎನ್ನುತ್ತಾರೆ, ಉಳಿದವರು ಒಂದು ಸ್ಥಾಯಿ ಮೇಲೆ ಹಾಡುತ್ತಾರೆ. ಹೆಂಗಸರು 5ರಲ್ಲಿ ಹಾಡಿದರೆ ಚಿಕ್ಕ ಮಕ್ಕಳಿಗೆ ಮಧ್ಯ ಷಡ್ಜವೇ ತಳ ಮುಟ್ಟಿರುತ್ತದೆ. ಮೊದಲ ವರ್ಷದ ಪಾಠಕ್ಕೆ ಬೇಕಾದ ವ್ಯಾಪ್ತಿ ದೊಡ್ಡದೇನಲ್ಲ: ಮಧ್ಯ ಷಡ್ಜದಿಂದ ತಾರ ಷಡ್ಜ, ಗೀತೆಗೆ ಬಂದಾಗ ತಾರ ರಿಷಭ. ತರಗತಿಯ ಅತಿ ಚಿಕ್ಕ ದನಿಯ ಮೂರು ಮಕ್ಕಳನ್ನು ಕರೆದು, ಷಡ್ಜ ಗಾಳಿಯಾಗದೆ, ತಾರ ರಿಷಭ ಕಿರುಚಾಗದೆ ಬರುವ ಶ್ರುತಿ ಹುಡುಕಿ, ಅದನ್ನೇ ಇಡೀ ತರಗತಿಗೆ ಇಡಿ. ನಿಮಗೆ ಅನಾನುಕೂಲವಾದರೆ ಆಗಲಿ.

ಎರಡನೆಯದು, ಮಕ್ಕಳು ಹಾಡುವಾಗ ನೀವು ಸುಮ್ಮನಿದ್ದಿರಾ? ಹೆಚ್ಚಿನವರು ಇರುವುದಿಲ್ಲ. ಮೂವತ್ತು ಮಕ್ಕಳ ಜೊತೆ ತಾವೂ ದನಿ ಏರಿಸಿ ಹಾಡುತ್ತಾರೆ, ತರಗತಿ ಭರ್ಜರಿಯಾಗಿ ಕೇಳುತ್ತದೆ, ವೀಕ್ಷಕರೂ ಮೆಚ್ಚುತ್ತಾರೆ. ಮರುದಿನ ಒಬ್ಬೊಬ್ಬರನ್ನೇ ಹಾಡಿಸಿದರೆ ಏನೂ ಬರುವುದಿಲ್ಲ. ನೀವು ಅರ್ಧ ಆವರ್ತ ಹಾಡಿ, ನಿಲ್ಲಿಸಿ, ಅವರು ಹಾಡಲಿ, ನೀವು ಬರೀ ತಾಳ ಹಾಕಿ. ಸಾಲಿಗೆ ಐದು ಮಂದಿಯಂತೆ ಹಾಡಿಸಿ, ಉಳಿದವರ ಕೈಯಲ್ಲಿ ತಾಳ. ಎದುರು ಕೂತು ತಾಳ ತೋರಿಸುವಾಗ ಕೆಲವು ಮಕ್ಕಳು ಕನ್ನಡಿ ನೋಡಿದಂತೆ ಎಡಗೈಯಲ್ಲಿ ಹಾಕತೊಡಗುತ್ತಾರೆ, ಮೊದಲ ದಿನವೇ ಎದ್ದು ಹೋಗಿ ಅವರ ಪಕ್ಕದಲ್ಲಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಕೂತು ತೋರಿಸಿ.

ಧ್ವನಿಮುದ್ರಣದ ವಿಷಯ ಬೇಗ ಮುಗಿಸುತ್ತೇನೆ. ರಜೆಗೆ ಹೋಗುವ ಮುನ್ನ ಒಂದು ವರ್ಣವನ್ನು ಎರಡು ಕಾಲದಲ್ಲಿ, ಒಂದು ಕೃತಿಯನ್ನು ಪೂರ್ತಿಯಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನು ಒಂದು ಮೀಟರ್ ದೂರದಲ್ಲಿರಲಿ, ಶ್ರುತಿ ಅದಕ್ಕೆ ಕೇಳಿಸುತ್ತಿರಲಿ. ಅದೇ ಫೋನಿನ ಆ್ಯಪ್‌ನಿಂದ ಶ್ರುತಿ ಹಾಕಬೇಡಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ತಂತಿಯ ಮೂಲ ನಾದ ಬರುವುದೇ ಇಲ್ಲ, ಅದರೊಡನೆ ತಾನಾಗಿ ಹುಟ್ಟುವ ಮೇಲಿನ ಸ್ವಯಂಭೂ ಸ್ವರಗಳು ಮಾತ್ರ ಕೇಳುತ್ತವೆ. ಅದನ್ನು ನಂಬಿ ಹಾಡುವವರ ಮಂದ್ರಸ್ಥಾಯಿ ಸಡಿಲವಾಗಿರುವುದಕ್ಕೆ ಇದೂ ಒಂದು ಕಾರಣ. ಶ್ರುತಿಪೆಟ್ಟಿಗೆ ಇಲ್ಲದಿದ್ದರೆ ಹೊರಗಿನ ಸ್ಪೀಕರ್ ಜೋಡಿಸಿ. ಹಾಡಿದ ದಿನ ಕೇಳಬೇಡಿ, ಮರುದಿನ ಕೇಳಿ. ಮೊದಲ ಮತ್ತು ಕೊನೆಯ ಆವರ್ತವನ್ನು ಮೆಟ್ರೊನೋಮ್ ಜೊತೆ ಹೋಲಿಸಿ. ಚಿಟ್ಟೆಸ್ವರದಲ್ಲಿ (ರಚನೆಯೊಳಗಿನ ಸ್ವರಭಾಗದಲ್ಲಿ) ಓಡಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮೊದಲು ಒಂದು ಕೆಲಸ. ತರಗತಿಯಲ್ಲಿ ಅವಸರದಲ್ಲಿ ಬರೆದ ಸ್ವರಲಿಪಿಯಲ್ಲಿ ತಪ್ಪಾಗುವುದು ಸ್ವರದಲ್ಲಿ ಕಡಿಮೆ, ಕಾರ್ವೆಯಲ್ಲಿ ಹೆಚ್ಚು. ಅಲ್ಪವಿರಾಮಕ್ಕೆ ಒಂದು, ಅರ್ಧವಿರಾಮಕ್ಕೆ ಎರಡು ಎಂಬ ಲೆಕ್ಕದಲ್ಲಿ ಪ್ರತಿ ಆವರ್ತವನ್ನೂ ಕೂಡಿಸಿ. ಅಕ್ಷರಕ್ಕೆ ನಾಲ್ಕು ಎಂದು ಬರೆದಿದ್ದರೆ ಆದಿ ತಾಳದ ವರ್ಣದಲ್ಲಿ ಆವರ್ತಕ್ಕೆ 32 ಬರಬೇಕು, ಲಘುವಿಗೆ 16, ಪ್ರತಿ ದ್ರುತಕ್ಕೆ 8. ಖಂಡ ಜಾತಿ ಅಟ್ಟ ತಾಳದಲ್ಲಿ 56. 31 ಬಂದರೆ ಎಲ್ಲೋ ಒಂದು ಕಾರ್ವೆ ಬಿಟ್ಟಿದ್ದೀರಿ. ಹಾಡುವಾಗ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಮೂರು ವರ್ಷದ ನಂತರ ಅದೇ ಪುಟ ನೋಡಿ ಪಾಠ ಹೇಳುವಾಗ ಕಿವಿಗೆ ನೆನಪಿರುವುದಿಲ್ಲ. ಮೇಲಿನ ಸ್ಥಾಯಿಯ ಚುಕ್ಕೆಗಳನ್ನೂ ನೋಡಿ, ಪೆನ್ಸಿಲಿನಲ್ಲಿ ಇಟ್ಟದ್ದು ಅಳಿಸಿರುತ್ತದೆ. ಕೃತಿಯ ತಲೆಯ ಮೇಲೆ ರಾಗ, ಮೇಳ, ತಾಳ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ), ವಾಗ್ಗೇಯಕಾರರ ಹೆಸರು, ಅಂಕಿತ ಇರಲಿ. ಜಯಚಾಮರಾಜೇಂದ್ರ ಒಡೆಯರ ಕೃತಿಗಳಲ್ಲಿ ಅಪರೂಪದ ರಾಗಗಳು ಹೆಚ್ಚು. ಅಂಥ ಕಡೆ ಆರೋಹಣ ಅವರೋಹಣ ಬರೆಯದೆ ಬಿಟ್ಟರೆ ಮುಂದೆ ನಿಮ್ಮ ಶಿಷ್ಯರು ಕೇಳಿದಾಗ ಉತ್ತರವಿರುವುದಿಲ್ಲ.

ವೀಣೆಯವರಿಗೆ ಪ್ರತ್ಯೇಕವಾಗಿ ನಾಲ್ಕು ಮಾತು. ವೀಣೆ ಶೇಷಣ್ಣ, ದೊರೆಸ್ವಾಮಿ ಅಯ್ಯಂಗಾರರ ಊರಿನಲ್ಲಿ ವೀಣೆಯನ್ನು ರಜೆಯ ತುಂಬ ಹಾಸ್ಟೆಲಿನ ಕಿಟಕಿಯ ಕೆಳಗೆ ಬಿಟ್ಟು ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಮೇಣ ಮೆತ್ತಗಾಗಿ ಮೆಟ್ಟಿಲು ಅಲುಗುತ್ತದೆ. ಕಾರಿನೊಳಗೆ ಬಿಟ್ಟರಂತೂ ಮುಗಿಯಿತು. ತಂತಿಗಳನ್ನು ಪೂರ್ತಿ ಸಡಿಲಿಸಬೇಡಿ, ಕುದುರೆ (ತಂತಿಗಳನ್ನು ಹೊತ್ತಿರುವ ಸೇತುವೆ) ಜಾರುವ ಅಪಾಯವಿದೆ. ಒಂದು ಸ್ವರದಷ್ಟು ಇಳಿಸಿದರೆ ಸಾಕು. ಒಣಬಟ್ಟೆಯಲ್ಲಿ ತಂತಿ ಒರೆಸಿ, ಬೆವರು ಉಳಿದರೆ ತುಕ್ಕು. ಹಿಂದಿರುಗಿದ ಮೇಲೆ ಶ್ರುತಿ ಮಾಡಿ 12ನೇ ಮೆಟ್ಟಿಲು ಮೀಟಿ: ಬಿಡಿತಂತಿಯ ಮೇಲಿನ ಸ್ಥಾಯಿ ಸರಿಯಾಗಿ ಬರಬೇಕು. ನಾಲ್ಕು ತಂತಿಯಲ್ಲೂ ಅಲ್ಲಿ ಒಂದೇ ಬಗೆಯ ವ್ಯತ್ಯಾಸ ಕಂಡರೆ ಮೆಟ್ಟಿಲೋ ಕುದುರೆಯೋ ಸರಿದಿದೆ, ಒಂದೇ ತಂತಿಯಲ್ಲಿ ಕಂಡರೆ ಆ ತಂತಿ ಹಳತಾಗಿದೆ. ಮೊದಲನೆಯದಕ್ಕೆ ಮೇಳ ಕಟ್ಟುವವರ, ಅಂದರೆ ಮೆಟ್ಟಿಲು ಕೂರಿಸುವವರ, ಬಳಿಗೇ ಹೋಗಬೇಕು. ಮೇಣವನ್ನು ಮೇಣದಬತ್ತಿಯಿಂದ ಕಾಯಿಸಿ ನೀವೇ ಒತ್ತಲು ಹೋಗಬೇಡಿ, ಒಂದು ಮೆಟ್ಟಿಲು ಸರಿಪಡಿಸುವಾಗ ಅಕ್ಕಪಕ್ಕದ ಎರಡು ಹಾಳಾಗುತ್ತವೆ.

ರಜೆಯಲ್ಲಿ ಊರಲ್ಲೇ ಇರುವವರು ಕಚೇರಿ ಕೇಳಿ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವಿದೆ, ಕುವೆಂಪುನಗರದಲ್ಲಿ ವೀಣೆ ಶೇಷಣ್ಣ ಭವನವಿದೆ, ಗಣಪತಿ ಹಬ್ಬ ಬಂದರೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಕಚೇರಿಗಳಿವೆ. ಕೇಳುವಾಗ ಆನಂದಪಡಿ, ಆದರೆ ಒಂದು ಕೃತಿಗಾದರೂ ಪಾಠ ಹೇಳುವವರ ಕಿವಿ ಕೊಡಿ: ಎಡುಪು ಎಲ್ಲಿ, ಸಂಗತಿಗಳು (ಒಂದೇ ಸಾಲನ್ನು ಬೆಳೆಸಿ ಹಾಡುವ ರೂಪಗಳು) ಎಷ್ಟು, ಯಾವ ಸಂಗತಿಯನ್ನು ಮಕ್ಕಳಿಗೆ ಕೊಡಬಹುದು, ಯಾವುದನ್ನು ಬಿಡಬೇಕು. ಎಲ್ಲ ಸಂಗತಿಯನ್ನೂ ಮೊದಲ ದಿನವೇ ಕೊಡುವುದು ನಮ್ಮಲ್ಲಿ ಅನೇಕರಿಗಿರುವ ಚಟ.

ಪ್ರಶ್ನೆ: ರಜೆಯಲ್ಲಿ ಹೊಸ ಕೃತಿ ಕಲಿಯಬೇಕೋ, ಹಳೆಯದನ್ನೇ ತಿದ್ದಬೇಕೋ?

ಎರಡನೇ ಕಾಲಂನಲ್ಲಿರುವ ಎರಡನ್ನು ಮೂರನೆಯದಕ್ಕೆ ತನ್ನಿ, ಹೊಸದು ಒಂದೇ ಕಲಿಯಿರಿ. ಜೊತೆಗೆ ಏಳು ಅಲಂಕಾರಗಳನ್ನು ಬೇರೆ ಮೇಳಗಳಲ್ಲಿ ಹಾಡಿ: ವಾರಕ್ಕೆ ಒಂದು ಮೇಳ ಸಾಕು, ಮೊದಲು 29ನೇ ಶಂಕರಾಭರಣ, ಆಮೇಲೆ 22ನೇ ಖರಹರಪ್ರಿಯ, ಆಮೇಲೆ 65ನೇ ಮೇಚಕಲ್ಯಾಣಿ. ಪ್ರತಿ ಸಲ ಒಂದೆರಡು ಸ್ವರ ಮಾತ್ರ ಬದಲಾಗುವ ಕ್ರಮ ಬೇಕಿದ್ದರೆ ಶಂಕರಾಭರಣದಿಂದ ನೇರ ಕಲ್ಯಾಣಿಗೆ ಹೋಗಿ, ಅಲ್ಲಿ ಮಧ್ಯಮ ಒಂದೇ ಬದಲಾಗುವುದು. ಶೀತ, ಗಂಟಲು ನೋವು ಇದ್ದರೆ ಹಾಡಬೇಡಿ, ಸ್ವರಲಿಪಿ ತಿದ್ದುವ ಕೆಲಸ ಇದ್ದೇ ಇದೆ.

ಪ್ರಶ್ನೆ: ಅಭ್ಯಾಸ ಬೋಧನೆಯ ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ ಚೆನ್ನಾಗಿ ಹಾಡುತ್ತಿದ್ದವನು ಈಗ ಬಾಯಿಯೇ ಬಿಡುವುದಿಲ್ಲ. ಏನು ಮಾಡುವುದು?

ದನಿ ಒಡೆಯುತ್ತಿದೆ. ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕರ ಆಸುಪಾಸು. ಒಂದೇ ವಾಕ್ಯದಲ್ಲಿ ದನಿ ಎರಡು ಕಡೆ ಹೋಗುತ್ತದೆ, ತರಗತಿ ನಗುತ್ತದೆ, ಅವನು ಸುಮ್ಮನಾಗುತ್ತಾನೆ. ಹಳೆಯ ಶ್ರುತಿಯಲ್ಲಿ ತಾರಸ್ಥಾಯಿ ಹಾಡು ಎಂದು ಒತ್ತಾಯ ಮಾಡಬೇಡಿ, ಗಂಟಲು ಬಿಗಿಯುವ ಚಾಳಿ ಬಿದ್ದರೆ ಬಿಡಿಸುವುದು ಕಷ್ಟ. ಎರಡು ವಾರಕ್ಕೊಮ್ಮೆ ಅವನನ್ನು ಒಬ್ಬನನ್ನೇ ಕರೆದು ಆಯಾಸವಿಲ್ಲದೆ ಹಾಡಬಲ್ಲ ಐದಾರು ಸ್ವರ ಯಾವುವೆಂದು ನೋಡಿ, ಶ್ರುತಿಯನ್ನು ಅದಕ್ಕೆ ತಕ್ಕಂತೆ ಇಳಿಸುತ್ತ ಬನ್ನಿ. ಉಳಿದ ಸಮಯದಲ್ಲಿ ತರಗತಿಗೆ ತಾಳ ಹಾಕುವ ಹೊಣೆ ಅವನಿಗಿರಲಿ, ಸ್ವರಲಿಪಿ ಬರೆಯುವುದನ್ನು ಕಲಿಸಿ, ಆಸಕ್ತಿಯಿದ್ದರೆ ಮೃದಂಗವನ್ನೋ ಪಿಟೀಲನ್ನೋ ಮುಟ್ಟಿಸಿ. ದನಿ ನೆಲೆಗೆ ಬರಲು ಕೆಲವರಿಗೆ ಆರು ತಿಂಗಳು ಸಾಕು, ಕೆಲವರಿಗೆ ಎರಡು ವರ್ಷವೂ ಬೇಕು. ಅಲ್ಲಿಯವರೆಗೆ ಅವನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬೇಡಿ.